ಸೋಲಾರಿನ ಮೇಲಿನ ಸಂಡಿಗೆ

ಲೈನ್‌ಮನ್ನನ ತಪ್ಪಿಲ್ಲ, ಸೂರ್ಯನ ತಪ್ಪಿಲ್ಲ, ಸೋಲಾರ್ ಹಾಕಿದವನ ತಪ್ಪೂ ಇಲ್ಲ. ತಪ್ಪು ನನ್ನದು. ಇದು ತಿಳಿಯುವಷ್ಟರಲ್ಲಿ ಮೂವರನ್ನೂ ಬೈದು ಮುಗಿಸಿದ್ದೆ, ಅಷ್ಟೆ!

ಅಣ್ಣಿಗೇರಿ ಬಾಜೂಕಿನ ನಮ್ಮೂರಲ್ಲಿ ನನ್ನ ಸೊಸೆ ಶೈಲಾ ರೊಟ್ಟಿ ಮಾಡಿ ಮಾರುತ್ತಾಳೆ. ಬಡಿಯುವುದು ಮಷೀನು. ಮನೆಗೊಂದು ಫ್ರಿಜ್ ಬಂತು, ಹೊಲಕ್ಕೊಂದು ಮೋಟಾರು ಬಂತು, ನನಗೆ ಮೊಮ್ಮಕ್ಕಳೂ ಬಂದರು. ಊರಿನ ತಂತಿ ಮಾತ್ರ ನಾನು ಮದುವೆಯಾಗಿ ಬಂದಾಗಿನದೇ. ಹೊಲದ ಮೋಟಾರು ಶುರುವಾದರೆ ಮನೆಯ ಬಲ್ಬು ಚಿಮಣಿ ದೀಪವಾಗುತ್ತದೆ, ಮಷೀನು ಮಲಗುತ್ತದೆ. ಅದಕ್ಕೇ ಶೈಲಾ ಮಾಳಿಗೆಯ ಮೇಲೆ ಸೋಲಾರ್ ಹಾಕಿಸಿದಳು.

ನಾನು ಹತ್ತಿ ನೋಡಿದೆ. ಆಹಾ! ಕೋಳಿ ಬರುವುದಿಲ್ಲ, ನಾಯಿ ಬರುವುದಿಲ್ಲ, ಕಾಗೆ ಬಂದರೂ ಗಾಜಿನ ಮೇಲೆ ಕಾಲು ಜಾರಬೇಕು. ದಿನವಿಡೀ ಬಿಸಿಲು. ಹಳೆಯ ಧೋತರ ಹಾಸಿ, ಮೂಲೆಗಳನ್ನು ಕಟ್ಟಿ, ಸಂಡಿಗೆ ಇಟ್ಟು ಇಳಿದೆ. ಯಾರಿಗೂ ಹೇಳಲಿಲ್ಲ. ಸಂಡಿಗೆ ಇಡಲು ಯಾರ ಅಪ್ಪಣೆ ಬೇಕು?

ಮಷೀನು ನಿಂತಿತು.

ಮರುದಿನ ದೊಡ್ಡ ಮನೆತನವೊಂದರಲ್ಲಿ ಬಸುರಿ ಸೊಸೆಯ ಕುಬುಸದ ಕಾರ್ಯ. ಊಟಕ್ಕೆ ರೊಟ್ಟಿ ನಮ್ಮದು. ಶೈಲಾಳಿಗೆ ಸಿಕ್ಕ ಮೊದಲ ದೊಡ್ಡ ಕೆಲಸ. ಇದು ತಪ್ಪಿದರೆ ಮುಂದೆ ಯಾರೂ ಕೇಳುವುದಿಲ್ಲ. ಹಿಟ್ಟಿನ ಕೈಯಲ್ಲೇ ಹೊರಗೆ ಓಡಿಬಂದಳು.

"ಅತ್ತೀ, ಸೋಲಾರ್ ಕೈ ಕೊಟ್ಟಂಗ ಕಾಣತೈತ್ರಿ."

ಮೊದಲು ಲೈನ್‌ಮನ್ನನನ್ನು ಬೈದೆ, ಆಮೇಲೆ ಸೂರ್ಯನನ್ನು ಬೈದೆ. "ಗಂಗವ್ವನ ನುಗ್ಗಿಗಿಡದ ನೆರಳು ಬಿದ್ದಿರಬೇಕು, ಮತ್ತೇನು!" ಎಂದೆ.

ವಿಚಾರಣೆ ಮುಗಿಯಿತು, ತೀರ್ಪು ಬಂತು, ಶಿಕ್ಷೆಯೂ ಜಾರಿಯಾಯಿತು. ಆಳು ಕರೆಸಿ ಪಕ್ಕದ ಮನೆಯ ಗಂಗವ್ವನ ಕಣ್ಣೆದುರೇ ಟೊಂಗೆ ಕಡಿಸಿದೆ.

"ಯಕ್ಕಾ, ಇದರ ನೆರಳು ನಿನ್ನ ಮಾಳಿಗಿ ತನಕ ಎಲ್ಲಿ ಬರತೈತಿಬೇ!"

"ನೆರಳಿಗೇನು ಕಾಲಿಲ್ಲೇನ? ನಡಕೋತ ಬರತೈತಿ!"

ಗಿಡ ಬೋಳಾಯಿತು. ಮಷೀನು ಅಲುಗಲಿಲ್ಲ.

ಶೈಲಾ ಸೋಲಾರ್ ಹಾಕಿದವನಿಗೆ ಫೋನ್ ಹಚ್ಚಿದಳು. ನಾನು ಕಸಿದುಕೊಂಡೆ.

"ಎಂಥಾ ಮಾಲ ಹಾಕಿಯೋ ತಮ್ಮಾ? ಹೊಸಾದು ಅಂದಿ, ಈ ಮುದುಕಿಗಿಂತ ಮೊದಲ ಕುಂತುಬಿಟ್ಟೈತಿ!"

"ಅಮ್ಮಾರ, ಮ್ಯಾಲೆ ಧೂಳ ಕುಂತಿರಬೇಕ್ರಿ. ಒಮ್ಮೆ ಒರಸಿ ನೋಡ್ರಿ."

"ಧೂಳಾ? ನಾ ಇರೂ ಮನ್ಯಾಗ? ಮುಂಜಾನಿಂದ ಧೋತರ ಹೊಚ್ಚೇನಿ, ಧೂಳ ಎಲ್ಲಿಂದ ಕುಂದ್ರತೈತಿ!"

ಆ ಕಡೆ ಅವನು ಫೋನ್ ಇಟ್ಟ. ಈ ಕಡೆ ಶೈಲಾ ಕೈಯ ಹಿಟ್ಟು ಕೊಡವಿದಳು. ಆಮೇಲೆ ಮೆಟ್ಟಿಲು ಹತ್ತಿದಳು.

ಧೋತರ ಸಂಡಿಗೆ ಸಮೇತ ಕೆಳಗಿಳಿದಾಗ ಹೊತ್ತು ಮುಳುಗುತ್ತಿತ್ತು. ಬಲ್ಬು ಎಂದಿನಂತೆ ಚಿಮಣಿ. ಉಳಿದದ್ದು ಕೈ. ಇಬ್ಬರೇ ಬಡಿದರೆ ಮುಗಿಯುವ ರೊಟ್ಟಿಯಲ್ಲ. ಓಣಿಯಲ್ಲಿ ನನ್ನಷ್ಟು ತೆಳ್ಳಗೆ ಬಡಿಯುವವಳು ಗಂಗವ್ವ ಒಬ್ಬಳೇ. ಕರೆಯಲು ನಾನೇ ಹೋಗಬೇಕಾಯಿತು.

ಬಂದಳು. ಬರಿಗೈಯಲ್ಲಿ ಬರಲಿಲ್ಲ.

"ನುಗ್ಗಿ ಕಟಗಿ ತಂದೀನಿ ಯಕ್ಕಾ, ಒಲಿಗೆ ಹಾಕು. ಹೆಂಗೂ ಕಡಿಸೀಯಲ್ಲ."

"ಹಸೀ ಅದಾವಲ್ಲೇ, ಬರೇ ಹೊಗಿ ಬರತೈತಿ."

"ಬರಲಿ. ನಾವಿಬ್ಬರೂ ಬಡೀತೀವಿ, ನೀನ ಊದು."

ಊದಿದೆ. ಕಣ್ಣು ಕೆಂಪಾದವು. ಶೈಲಾ ಬಡಿದಳು. ಪ್ರತಿ ಏಟೂ ನನಗೇ ಬಿದ್ದಂತಿತ್ತು. ರೊಟ್ಟಿ ಹೊತ್ತಿಗೆ ಸರಿಯಾಗಿ ಹೋದವು.

ಮರುದಿನ ಮುಂಜಾನೆ ಅರೆ ಒಣಗಿದ ಸಂಡಿಗೆ ಹೊತ್ತು ಜಾಗ ಹುಡುಕಿದೆ. ಮಾಳಿಗೆಯ ಮೆಟ್ಟಿಲಿಗೆ ಶೈಲಾ ಅಡ್ಡ ಹಗ್ಗ ಕಟ್ಟಿದ್ದಳು. ಗಂಗವ್ವ ತನ್ನ ಅಂಗಳ ತೋರಿಸಿದಳು.

"ಇಲ್ಲೇ ಹಾಕಬೇ. ಈಗ ಅಗದಿ ಛಲೋ ಬಿಸಲು ಬೀಳತೈತಿ."

ಹಾಸಿದೆ. ಕಾಗೆ ಓಡಿಸಲು ಕೋಲು ಹಿಡಿದು ಕೂತೆ. ನೆತ್ತಿ ಸುಡತೊಡಗಿತು. ನೆರಳಿಗೆಂದು ತಲೆಯೆತ್ತಿದೆ. ಬೋಳು ನುಗ್ಗಿಗಿಡ ನನ್ನನ್ನೇ ನೋಡುತ್ತಿತ್ತು!