ಮಾವನ ಮುಗಿಯದ ಗೋಡೆ

ನಮ್ಮ ಸೋದರಮಾವನಂಥ ಮೋಸಗಾರ ಇಡೀ ರಾಯಬಾಗ ತಾಲೂಕಿನಲ್ಲಿ ಇನ್ನೊಬ್ಬನಿಲ್ಲ. ತಮಾಷೆ ಏನೆಂದರೆ, ಆತ ಜನ್ಮದಲ್ಲಿ ಒಂದೂ ಸುಳ್ಳು ಹೇಳಿದವನಲ್ಲ! ಹೇಳುವಂತೆಯೂ ಇಲ್ಲ ಬಿಡಿ, ಅಲಖನೂರಿನ ಕಬ್ಬಿನ ಹೊಲಗಳ ನಡುವೆ ಇರುವ ಪುಟ್ಟ ಪ್ರಾರ್ಥನಾಮಂದಿರದ ಪಾಸ್ಟರ್ ಆತ. ಸುಳ್ಳು ಹೇಳದೆ ಮೋಸ ಮಾಡುವುದು ಹೇಗೆ ಅಂತೀರಾ? ಅದಕ್ಕೊಂದು ಗೋಡೆ ಬೇಕು.

ಚಳಿಗಾಲ ಬಂತೆಂದರೆ ಹೊರದೇಶದಿಂದ ಸೇವೆ ಮಾಡಲೆಂದು ತಂಡಗಳು ಬರುತ್ತಿದ್ದವು. ಬೆನ್ನ ಮೇಲೆ ಜೋಳದ ಚೀಲದಷ್ಟು ದೊಡ್ಡ ಬ್ಯಾಗು, ಮುಖಕ್ಕೆಲ್ಲ ಬಿಳಿ ಕ್ರೀಮು. ನಾನು ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವಳು, ಹೀಗಾಗಿ ದುಭಾಷಿಯ ಪಟ್ಟ ನನಗೇ. ಮಾವ ಕಾಲು ಗಂಟೆ ಮಾಡಿದ ಸ್ವಾಗತ ಭಾಷಣವನ್ನು ನಾನು ಒಂದೇ ವಾಕ್ಯದಲ್ಲಿ ಮುಗಿಸುತ್ತಿದ್ದೆ.

"ಇಷ್ಟ ಏನ ಬೇ?" ಎಂದು ಮಾವ ಕಣ್ಣು ಬಿಡುತ್ತಿದ್ದ.

"ನೀ ಹೇಳಿದ್ದರಾಗ ಇದ್ದದ್ದೇ ಇಷ್ಟು, ಮಾಮಾ!"

ಮೊದಲ ತಂಡವನ್ನು ಮಾವ ಬೀಗರಂತೆ ನೋಡಿಕೊಂಡ. ಎದ್ದರೆ ಚಹಾ, ಕುಂತರೆ ಚೂಡಾ. ಅತ್ತೆ ಬಡಿಸಿದ ರೊಟ್ಟಿ, ಕೆಂಪು ಚಟ್ನಿ ತಿಂದು ಅವರು ಕಣ್ಣು ಮೂಗು ಎರಡನ್ನೂ ಸೋರಿಸುತ್ತ "ವೆರಿ ನೈಸ್" ಅಂದರು. ಅತ್ತೆ ಅದನ್ನು ಆನಂದಬಾಷ್ಪ ಎಂದುಕೊಂಡು ಇನ್ನೊಂದು ಚಮಚ ಚಟ್ನಿ ಹಾಕಿದಳು! ಎಲ್ಲ ಸರಿ, ಆದರೆ ಮಾಡಲು ಅವರಿಗೆ ಕೆಲಸವೇ ಇಲ್ಲ. ಆ ತಂಡದಲ್ಲಿ ಆಸ್ಟ್ರೇಲಿಯಾದ ಒಬ್ಬ ಭಾರೀ ಆಳಿದ್ದ. ಅಂಗೈ ಅಂದರೆ ಮೊರದಷ್ಟು ಅಗಲ. ಸುಮ್ಮನೆ ಕೂತು ಕೂತು ತಡೆಯಲಾರದೆ, ಅತ್ತೆ ಆಗಷ್ಟೇ ಗುಡಿಸಿದ್ದ ಅಂಗಳವನ್ನು ಮತ್ತೆ ಗುಡಿಸತೊಡಗಿದ. ಆ ಆಕಾರ ಕಸಬರಿಗೆ ಹಿಡಿದು ಬರುವುದನ್ನು ಕಂಡು ಊರ ಕೋಳಿಗಳೆಲ್ಲ ದಿಕ್ಕಾಪಾಲು!

ಅವನ ಸಪ್ಪೆ ಮುಖ ನೋಡಿ ಮಾವನ ಕರುಳು ಚುರ್ ಎಂದಿತು. ಅಡುಗೆಮನೆಗೆ ಬಂದು ನಿಂತ.

"ಪಾಪ, ಸಮುದ್ರ ದಾಟಿ ಬಂದಾನ. ಅಲ್ಲಿ ಏನ್ ಮಾಡಿ ಬಂದ್ಯೋ ಅಂತ ಅವನೂರಾಗ ಕೇಳಿದ್ರ, ಕೋಳಿ ಓಡಿಸಿ ಬಂದೆ ಅನಬೇಕೇನ?"

"ಹಂಗಾರ ಹಿತ್ತಲಕ್ಕ ಒಂದು ಗ್ವಾಡಿ ಕಟ್ಟಸ್ರಿ. ಮಂದಿ ಆಡು ಬಂದು ನನ್ನ ಮೆಂತೆ ಎಲ್ಲಾ ಮೇದು ಹೊಂಟಾವ," ಅಂದಳು ಅತ್ತೆ.

ಶುರುವಾಯಿತು ಗೋಡೆ! ಆ ಆಳು ಹಾಡು ಹೇಳುತ್ತ ಇಟ್ಟಂಗಿ ಇಟ್ಟದ್ದೇ ಇಟ್ಟದ್ದು. ಗೋಡೆ ಒಂದು ಕಡೆ ರಾಯಬಾಗದತ್ತ ವಾಲಿದರೆ ಇನ್ನೊಂದು ಕಡೆ ಅಥಣಿಯತ್ತ ವಾಲಿತು. ನೆರೆಮನೆಯ ಗೌಂಡಿ ಮೌಲಾಸಾಬ ಬೇವಿನ ಗಿಡದ ಕೆಳಗೆ ಹಣೆಗೆ ಕೈ ಹಚ್ಚಿ ಕುಳಿತಿದ್ದ. ಊರಿನ ಅರ್ಧ ಮನೆ ಕಟ್ಟಿದ ಕೈ ಅದು.

"ಪಾಸ್ಟರ್ರ, ಆಡು ಇದನ್ನ ದಾಟಿ ಬರಂಗಿಲ್ಲ ಬಿಡ್ರಿ. ಇದೇ ಆಡಿನ ಮ್ಯಾಲೆ ಬೀಳತೈತಿ!"

ತಂಡದ ಗಾಡಿ ತಿರುವು ದಾಟಿತೋ ಇಲ್ಲವೋ, ಮೌಲಾಸಾಬ ಹತೋಡಿ ಎತ್ತಿದ. ಎಲ್ಲ ಕೆಡವಿ, ನೆಟ್ಟಗೆ ಕಟ್ಟಲು ದಾರ ಹಿಡಿದಾಗ ಮಾವ ತಡೆದ.

"ಕೆಡವಿದ್ದು ಸಾಕು. ಕಟ್ಟಬ್ಯಾಡ."

"ಯಾಕ್ರಿ?"

"ಬರೂ ವರ್ಸ ಮತ್ತ ಮಂದಿ ಬರ್ತಾರ. ಅವ್ರೂ ಕೋಳಿ ಓಡಸಬೇಕೇನ?"

ಅಂದಿನಿಂದ ಅದೇ ಪದ್ಧತಿ. ಬಂದವರು ಕಟ್ಟುವುದು, ಗೋಡೆಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವುದು, ಕಣ್ಣಲ್ಲಿ ನೀರು ತುಂಬಿಕೊಂಡು ಹೋಗುವುದು. ಹಿಂದೆಯೇ ಮೌಲಾಸಾಬನ ಹತೋಡಿ! ಮುಂದೆ ಅವರು ಫೋನ್ ಮಾಡಿ "ನಮ್ಮ ಗೋಡೆ ಹೇಗಿದೆ?" ಎಂದು ಕೇಳಿದರೆ, ಮಾವ ನನ್ನ ಕಡೆ ತಿರುಗಿ, "ದಿನಾ ನೆನಸ್ತೇವಂತ ಹೇಳವ್ವಾ," ಅನ್ನುತ್ತಿದ್ದ. ಸುಳ್ಳೇನಲ್ಲ! ಮೆಂತೆಗೆ ಆಡು ಬಾಯಿ ಹಾಕಿದಾಗೆಲ್ಲ ಅತ್ತೆ ಆ ಗೋಡೆಯನ್ನು ನೆನೆಸುತ್ತಿದ್ದಳು. ಯಾವ ಮಾತಿನಲ್ಲಿ ಎಂದು ಮಾತ್ರ ಕೇಳಬೇಡಿ, ಅದು ಪಾಸ್ಟರ್ ಮನೆ.

ಕೊರೊನಾ ಬಂದು ತಂಡಗಳು ನಿಂತವು. ಅತ್ತೆ ಹಟ ಹಿಡಿದಳು. ಮೌಲಾಸಾಬ ಕೊನೆಗೂ ತನ್ನ ಕೈಯಾರೆ ಗೋಡೆ ಕಟ್ಟಿದ. ಅದೇನು ಗೋಡೆ ಅಂತೀರಿ! ನೂಲು ಹಿಡಿದಂತೆ ನೆಟ್ಟಗೆ. ತನ್ನ ಮನೆಗೆ ಬೀಗರು ಬಂದರೆ ಕರೆದುಕೊಂಡು ಬಂದು ತೋರಿಸುತ್ತಿದ್ದ. ಮೆಂತೆಯೂ ಮೊಳಕಾಲುದ್ದ ಬೆಳೆಯಿತು.

ಕಳೆದ ಚಳಿಗಾಲದಲ್ಲಿ ಒಂದು ಕಾರು ಬಂದು ನಿಂತಿತು. ಒಬ್ಬಳೇ ಎತ್ತರದ ಹುಡುಗಿ ಇಳಿದಳು. ಆ ಅಗಲ ಅಂಗೈ ನೋಡಿದೊಡನೆ ನನಗೆ ಗುರುತು ಹತ್ತಿತು. ಕೋಳಿ ಓಡಿಸಿದವನ ಮಗಳು! ಅಪ್ಪ ತೀರಿಕೊಂಡಿದ್ದನಂತೆ. ಮನೆಯಲ್ಲಿ ನಾಲ್ಕು ಜನ ಸೇರಿದರೆ ಸಾಕು, ಭಾರತದಲ್ಲಿ ತಾನು ಕಟ್ಟಿದ ಗೋಡೆಯ ಕತೆ ಹೇಳುತ್ತಿದ್ದನಂತೆ. "ಅದನ್ನು ನೋಡಲೆಂದೇ ಇಷ್ಟು ದೂರ ಬಂದೆ," ಎಂದಳು. ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡಳು. ಬೇವಿನ ಕೆಳಗಿದ್ದ ಮೌಲಾಸಾಬ ತಲೆ ಎತ್ತಲಿಲ್ಲ.

ಅಷ್ಟರಲ್ಲಿ ಆಕೆ ಗೋಡೆಯ ಹತ್ತಿರ ಹೋಗಿ, ಮೆಲ್ಲಗೆ ಕೈಯಿಟ್ಟು ನಗುತ್ತ ಕೇಳಿದಳು: "ಇದೇ ಅಲ್ಲವಾ?"

"ಹೂಂ ಅಂದಬಿಡ್ರಿ," ಅತ್ತೆ ಮಾವನ ಕಿವಿಯಲ್ಲಿ ಉಸುರಿದಳು. "ನಿಮ್ಮ ಗಂಟೇನ ಹೋಗತೈತಿ?"

ನಾನಂತೂ 'ಯೆಸ್' ಅನ್ನಲು ಬಾಯಿ ತೆರೆದೇ ಇದ್ದೆ.

"ಬ್ಯಾಡ ಬೇ," ಎಂದ ಮಾವ. "ಖರೆ ಹೇಳು." ಹುಡುಗಿಯ ಕಡೆ ತಿರುಗಿದ. "ನಿಮ್ಮಪ್ಪ ಕಟ್ಟಿದ್ದು ವಾಲಿತ್ತು. ಅಂವ ಹೋದ ದಿನಾನ ಕೆಡವಿಸಿದೆ. ಅಂವಗ ಹೇಳಲಿಲ್ಲ. ಅಷ್ಟ ಖುಷಿಲೆ ಕಟ್ಟಿದಂವನ ಮಾರಿ ಸಣ್ಣದಾಗೂದು ನೋಡಾಕ ನನ್ನ ಕೈಲೆ ಆಗತಿರಲಿಲ್ಲ, ಮಗಳ."

ಅಂದು ಮೊದಲ ಸಲ ನಾನು ಮಾವನ ಒಂದು ಮಾತನ್ನೂ ಬಿಡದೆ ಇಂಗ್ಲಿಷಿಗೆ ತಂದೆ.

ಹುಡುಗಿ ಗೋಡೆಯಿಂದ ಕೈ ತೆಗೆದಳು. ಆ ಕಡೆ ಮುಖ ಮಾಡಿ ನಿಂತಳು. ಭುಜ ಕುಲುಕತೊಡಗಿತು. ಆಯಿತು, ಕೆಲಸ ಕೆಟ್ಟಿತು ಎಂದುಕೊಂಡೆ. ತಿರುಗಿದರೆ ನಗುತ್ತಿದ್ದಾಳೆ! ಅಳುತ್ತಲೂ ಇದ್ದಾಳೆ! ಅಪ್ಪ ಮಾಡಿದ ಪುಸ್ತಕದ ಕಪಾಟಿಗೆ ಇವತ್ತಿಗೂ ಒಂದು ಕಾಲಿನ ಕೆಳಗೆ ಇಟ್ಟಿಗೆ ಕೊಟ್ಟಿದ್ದಾರಂತೆ. ಅಪ್ಪ ಕಟ್ಟಿದ ಗೂಡಿನೊಳಗೆ ನಾಯಿ ಹೆದರಿ ಒಮ್ಮೆಯೂ ಕಾಲಿಡಲಿಲ್ಲವಂತೆ. "ಹೌದು, ಅದು ನನ್ನ ಅಪ್ಪನದೇ ಕೆಲಸ," ಎಂದಳು. ಆಮೇಲೆ ಕಣ್ಣೊರೆಸಿಕೊಂಡು ಕೇಳಿದಳು: "ನನಗೂ ಏನಾದರೂ ಕೆಲಸ ಕೊಡುತ್ತೀರಾ? ಸುಮ್ಮನೆ ಹೇಗೆ ಹೋಗಲಿ?"

ಮಾವ ಸುತ್ತ ನೋಡಿದ. ಎಲ್ಲಿಂದ ತರಬೇಕು ಕೆಲಸ? ಆಕೆಯ ಕಣ್ಣು ಆಗಲೇ ಮೂಲೆಯ ಕಸಬರಿಗೆಯ ಮೇಲೆ ಬಿದ್ದಿತ್ತು.

ಮೌಲಾಸಾಬ ಎದ್ದು ಮನೆಗೆ ಹೋದ. ಹತೋಡಿ ತಂದ. ಯಾರನ್ನೂ ಕೇಳದೆ, ತಾನೇ ಕಟ್ಟಿದ ನೆಟ್ಟನೆಯ ಗೋಡೆಯ ತುದಿಗೆ ಧಡ್ ಎಂದು ಬಾರಿಸಿದ!

"ಅಯ್ಯ, ಏನ್ ಮಾಡಾಕತ್ತಿಯೋ ಅಣ್ಣಾ!" ಅತ್ತೆ ಕೂಗಿದಳು.

"ಈ ವರ್ಸ ಮೆಂತೆ ಸಂತ್ಯಾಗ ತಗೋರಿ ಅಕ್ಕಾರ," ಎಂದವನೇ ಬಿದ್ದ ಇಟ್ಟಂಗಿ ಬದಿಗೆ ಸರಿಸಿ, ಕರಣೆಯನ್ನು ಆ ಹುಡುಗಿಯ ಕೈಗಿಟ್ಟ.

ಸಂಜೆಯವರೆಗೆ ಆಕೆ ಕಟ್ಟಿದಳು, ಮಾವ ಇಟ್ಟಂಗಿ ಎತ್ತಿ ಕೊಟ್ಟ. ಅಪ್ಪನ ಮಗಳೇ ಸೈ, ಗೋಡೆ ಅಥಣಿಯತ್ತ ವಾಲಿತು. ಕಾರು ತಿರುವು ದಾಟಿತು. ನಾವೆಲ್ಲ ಮೌಲಾಸಾಬನನ್ನೇ ನೋಡುತ್ತ ನಿಂತೆವು. ಅವನು ಹತೋಡಿ ಎತ್ತಿಕೊಂಡ, ವಾಲಿದ ತುದಿಯನ್ನು ಒಮ್ಮೆ ನೋಡಿದ, ಸುಮ್ಮನೆ ಮನೆಗೆ ಹೋದ.

ಆ ತುದಿ ಈಗಲೂ ಹಾಗೇ ಇದೆ. ಮಾವ ಅದಕ್ಕೊಂದು ಬಿದಿರಿನ ಗಳ ಆನಿಸಿದ್ದಾನೆ. ಅತ್ತೆ ಆಡು ಓಡಿಸುತ್ತಾಳೆ, ಮೆಂತೆಗಾಗಿ ಅಲ್ಲ, ಎಲ್ಲಿ ಗೋಡೆಗೆ ಮೈ ಉಜ್ಜುತ್ತವೋ ಎಂದು! ಆ ಹುಡುಗಿಯ ಫೋನ್ ಬಂದರೆ ಮಾವನಿಗೆ ಈಗ ದುಭಾಷಿ ಬೇಡ. ಆಕೆಗೆ ತಿಳಿಯುತ್ತದೋ ಇಲ್ಲವೋ ಎಂದೂ ಯೋಚಿಸದೆ, ಸಮುದ್ರದಾಚೆಗೆ ಕೇಳಿಸುವಂತೆ ಕನ್ನಡದಲ್ಲೇ ಕೂಗುತ್ತಾನೆ:

"ಐತಿ ಮಗಳ, ನಿಂತೈತಿ!"