ನಮ್ಮವ್ವನ ಹೆಪ್ಪಿನ ಬಟ್ಟಲು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಗಾದೆ ಮಾಡಿದವರು ತಾಯಿಯನ್ನು ಕರೆದುಕೊಂಡು ಬಾಡಿಗೆ ಮನೆ ಹುಡುಕಿದವರಲ್ಲ. ಹುಡುಕಿದ್ದರೆ ಗಾದೆ ಅಲ್ಲಿಗೇ ನಿಲ್ಲುತ್ತಿರಲಿಲ್ಲ. ನನಗಂತೂ ಒಂದೇ ಬೇಸಿಗೆಯಲ್ಲಿ ಇಂಥ ಪ್ರಸಂಗಗಳು ಒಂದರ ಬೆನ್ನಿಗೊಂದು ಗಂಟುಬಿದ್ದವು.

ನಿಜಾಮಶಾಹಿ ಹೋಗಿ ಮೂರ್ನಾಲ್ಕು ವರ್ಷವಾಗಿತ್ತು. ಕಚೇರಿಯ ಹಳೆಯ ಕಾಗದಗಳೆಲ್ಲ ಉರ್ದುವಿನಲ್ಲಿ, ಹೊಸ ಸಾಹೇಬರಿಗೆ ಉರ್ದು ಬಾರದು. ಕನ್ನಡ ಉರ್ದು ಎರಡೂ ಬರುತ್ತಿದ್ದ ತಪ್ಪಿಗೆ ಸೇಡಂನಲ್ಲಿ ಸುಖವಾಗಿದ್ದ ನನ್ನನ್ನು ಕಲಬುರ್ಗಿಗೆ ವರ್ಗ ಮಾಡಿದರು. ಅಲ್ಲಿ ಸಂಸಾರ ಹೂಡಲು ಅವ್ವ ಸುತರಾಂ ಒಪ್ಪಲಿಲ್ಲ.

"ಭಾಳ ದೊಡ್ಡ ಊರಪಾ ಅದು. ಬಾಜೂಮನ್ಯಾಗ ಯಾರದಾರ ಅಂತ ಬಾಜೂಮನಿಯವರಿಗೇ ಗೊತ್ತಿರಂಗಿಲ್ಲ. ರೈಲಿನಾಗ ಹೋಗಿ ಬರೂವಷ್ಟು ದೂರದಾಗ ಒಂದು ಛಲೋ ಓಣಿ ನೋಡು. ಮಕ್ಕಳು ಬೆಳಿಯೂದು ಮನ್ಯಾಗಲ್ಲ, ಓಣ್ಯಾಗ" ಎಂದಳು.

ಅವ್ವ ಒಪ್ಪುವ ಓಣಿ ಸಿಗುವವರೆಗೆ ಹೆಂಡತಿ, ಇಬ್ಬರು ಮಕ್ಕಳು ಚಿಂಚೋಳಿಯ ತವರಿನಲ್ಲಿ, ಅವ್ವ ಸೇಡಂನ ನೆಂಟರ ಮನೆಯಲ್ಲಿ, ನಾನು ಕಲಬುರ್ಗಿಯ ಖಾನಾವಳಿಯಲ್ಲಿ. ಎಂಟು ತಿಂಗಳು ಹೀಗೇ ಕಳೆಯಿತು. ಒಮ್ಮೆ ರಜೆಗೆ ಹೋದಾಗ ನನ್ನ ನಾಲ್ಕು ವರ್ಷದ ಮಗಳು ತಾಯಿಯ ಸೆರಗು ಜಗ್ಗಿ, "ಈ ಕಾಕಾ ಯಾವಾಗ ಹೋಗ್ತಾನ?" ಎಂದು ಕೇಳಿದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮೇಲಾಗಿ ಮಾವನವರು, "ಶಾಲಿ ಸುರು ಆಗೂದ್ರೊಳಗ ಮನಿ ಸಿಗಲಿಲ್ಲಂದ್ರ ಹುಡುಗನ ಹೆಸರು ಇಲ್ಲೇ ಶಾಲ್ಯಾಗ ಹಚ್ಚತೀನಿ, ಇನ್ನೊಂದು ವರ್ಷ ಇರ್ಲಿ" ಎಂದುಬಿಟ್ಟರು.

ಓಣಿಯ ಗುಣ ತಿಳಿಯಲು ಅವ್ವನ ಹತ್ತಿರ ಒಂದೇ ಪರೀಕ್ಷೆ. ಕಂಚಿನ ಪುಟ್ಟ ಬಟ್ಟಲೊಂದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ, ಅಕ್ಕಪಕ್ಕದ ಮನೆಗಳಲ್ಲಿ ಹಾಲಿಗೆ ಹಾಕಲು ಒಂಚೂರು ಹೆಪ್ಪು ಕೇಳುವುದು. "ಕೈ ನೋಡಿದ್ರ ಮನಿ ತಿಳೀತದ, ನಾಲ್ಕು ಕೈ ನೋಡಿದ್ರ ಓಣಿ ತಿಳೀತದ" ಎನ್ನುವುದು ಅವಳ ಶಾಸ್ತ್ರ.

೧. ವಾಡಿಯ ಜಗಳ

ಮೊದಲು ವಾಡಿ. ಜಂಕ್ಷನ್ ಊರು, ಯಾವ ಕಡೆಗೆ ಬೇಕಾದರೂ ಗಾಡಿ. ಮನೆ ಸ್ಟೇಷನ್ನಿನ ಹಿಂದೆಯೇ ಇತ್ತು. ಪಕ್ಕದ ಮನೆಯಾಕೆ ಧಾರಾಳವಾಗಿ ಹೆಪ್ಪು ಹಾಕಿದಳು. "ನಮ್ಮ ಓಣಿ ಭಾಳ ಶಾಂತ ಅದರೀ. ಇಲ್ಲಿ ಒಬ್ಬರಿಗೊಬ್ಬರು" ಎಂದು ಹೇಳುತ್ತಿರುವಾಗಲೇ ಗಾಡಿ ಬಂತು. ಆಕೆ ಬಾಯಿ ಮುಚ್ಚಿಕೊಂಡು ನಿಂತಳು. ಕೊನೆಯ ಡಬ್ಬಿ ದಾಟಿತು. "ಜೋರಾಗಿ ಸುದ್ದಾ ಮಾತಾಡಂಗಿಲ್ಲ" ಎಂದು ಬಿಟ್ಟಲ್ಲಿಂದಲೇ ಮುಗಿಸಿದಳು.

ಆ ಶಾಂತ ಓಣಿಯಲ್ಲೇ ಮುಂದೆ ಇಬ್ಬರು ಹೆಂಗಸರು ಸೊಂಟಕ್ಕೆ ಸೆರಗು ಸಿಗಿಸಿ ಜಗಳಕ್ಕೆ ನಿಂತಿದ್ದರು. ಜಗಳ ಕಾವೇರುವ ಹೊತ್ತಿಗೆ ಗೂಡ್ಸ್ ಗಾಡಿ ಬಂತು. ಇಬ್ಬರೂ ಒಂದೇ ಕಟ್ಟೆಯ ಮೇಲೆ ಕೂತರು. ಒಬ್ಬಳು ಎಲೆ ಅಡಿಕೆ ಚೀಲ ಬಿಚ್ಚಿದಳು, ಇನ್ನೊಬ್ಬಳು ಅದರಲ್ಲೇ ಕೈಹಾಕಿ ಎಲೆಗೆ ಸುಣ್ಣ ಹಚ್ಚಿಕೊಂಡಳು. ಗಾಡಿ ಹೋದ ಮೇಲೆ ಎದ್ದು, ಉಗುಳಿ, "ಹಾಂ, ಎಲ್ಲಿಗೆ ಬಿಟ್ಟಿದ್ವಿ?" ಎಂದು ಮತ್ತೆ ಶುರುಮಾಡಿದರು.

ನನಗೆ ಓಣಿ ಬಹಳ ಹಿಡಿಸಿತು. ಅವ್ವ ಬಟ್ಟಲು ಒಳಗಿಟ್ಟಳು.

"ಒಲ್ಲೆಪಾ. ಬಾಯಿಬಿಟ್ಟು ಜಗಳಾಡ್ಲಿಕ್ಕೂ ಗಾರ್ಡಿನ ಹಸಿರು ಝಂಡಾ ಕಾಯಬೇಕಾ?"

೨. ಚಿತ್ತಾಪುರದ ಗೋಡೆ

ಆಮೇಲೆ ಚಿತ್ತಾಪುರ. ಮನೆಯ ಮಾಲಕರು ಕೋರ್ಟಿನಲ್ಲಿ ಕಾರಕೂನಿಕೆ ಮಾಡಿ ನಿವೃತ್ತರಾದವರು. ಅಂಗಳದಲ್ಲಿ ಬೇವಿನ ಮರ, ಶಾಲೆ ಹತ್ತಿರ.

"ಬಾಜೂದವರು ಹ್ಯಾಂಗರೀ?" ಎಂದೆ.

"ದೇವರಂಥಾ ಮನುಷ್ಯಾರೀ. ಈ ನಡುವಿನ ಗೋಡಿ ಸಂಬಂಧ ಹನ್ನೆರಡು ವರ್ಷದಿಂದ ನಮ್ಮಿಬ್ಬರ ದಾವಾ ನಡದದ. ಒಂದೂ ತಾರೀಖು ತಪ್ಪಿಸಿಲ್ಲ. ಇಬ್ಬರೂ ಒಂದೇ ಟಾಂಗಾದಾಗ ಕೋರ್ಟಿಗೆ ಹೋಗ್ತೀವಿ" ಎಂದರು.

ಅಷ್ಟರಲ್ಲಿ ಅವ್ವ ಆ ಗೋಡೆಯ ಹತ್ತಿರ ನಿಂತು ಹೆಪ್ಪು ಕೇಳಿದ್ದಳು. ಆ ಕಡೆಯ ಯಜಮಾನರು ತಾವೇ ತಂದು ಗೋಡೆಯ ಮೇಲಿಂದ ಕೈಚಾಚಿ ಬಟ್ಟಲಿಗೆ ಹಾಕಿದರು. ನಮ್ಮ ಮಾಲಕರು ಕುಣಿದೇಬಿಟ್ಟರು.

"ನೋಡಿದ್ರಿಲ್ಲ ತಾಯೀ! ನಮ್ಮ ಕಡೆಯಿಂದ ಕೇಳಿದ ಮ್ಯಾಲೇನ ಗೋಡಿ ಮ್ಯಾಲೆ ಕೈ ಚಾಚ್ಯಾರ. ಅಂದ್ರ ಗೋಡಿ ನಮ್ಮದು!"

"ಭಲೇ! ಗೋಡಿ ಮ್ಯಾಲೆ ಮೊಣಕೈ ಊರಿ ಕೊಟ್ಟೀನಿ, ಯಾರೂ ಬ್ಯಾಡ ಅನ್ಲಿಲ್ಲ. ಅಂದ್ರ ನಮ್ಮದು!" ಎಂದರು ಆ ಕಡೆಯವರು.

ಮುಂದಿನ ತಾರೀಖಿಗೆ ಬಂದು ಕಂಡದ್ದನ್ನು ಹೇಳಬೇಕೆಂದು ಇಬ್ಬರೂ ಅವ್ವನಿಗೆ ಗಂಟುಬಿದ್ದರು. ಟಾಂಗಾದಲ್ಲಿ ಮೂರನೆಯವರಿಗೂ ಜಾಗವಿದೆಯಂತೆ. ಅವ್ವ ಹೆಪ್ಪನ್ನು ಗೋಡೆಯ ಮೇಲೆಯೇ ಸುರುವಿದಳು.

"ಈ ಹೆಪ್ಪಿಗೆ ಹಾಲು ಮೊಸರಾಗಂಗಿಲ್ಲಪಾ ತಮ್ಮಾ, ಒಡೀತದ. ನಡಿ."

೩. ಶಹಾಬಾದಿನ ಪರೀಕ್ಷೆ

ಉಳಿದದ್ದು ಶಹಾಬಾದ್. ಶಾಲೆ ಶುರುವಾಗಲು ಹತ್ತು ದಿನವಿತ್ತು. ಸ್ಟೇಷನ್ನಿಗೆ ಹತ್ತಿರ ಒಂದು ಮನೆ ಸಿಕ್ಕಿತು. ಊರೇ ಕಲ್ಲಿನ ಗಣಿ, ಹಾಗಾಗಿ ನೆಲಕ್ಕೂ ಫರಸಿ ಚಪ್ಪಡಿ, ಮಾಳಿಗೆಗೂ ಫರಸಿ, ನೀರಿನ ಗಡಿಗೆಯ ಮುಚ್ಚಳಕ್ಕೂ ಫರಸಿ. ಅಂಗಳದಲ್ಲಿ ಬಾವಿ, ಓಣಿಯ ತುಂಬ ಮಕ್ಕಳು.

ಈ ಸಲ ದೈವದ ಮೇಲೆ ಭಾರ ಹಾಕುವುದು ಬೇಡವೆನಿಸಿತು. ಅವ್ವನನ್ನು ಕರೆತರುವ ಹಿಂದಿನ ದಿನ ನಾನೊಬ್ಬನೇ ಹೋಗಿ ಮನೆ ಮನೆಗೂ ಕೈಮುಗಿದೆ. "ನಾಳೆ ನಮ್ಮವ್ವ ಹೆಪ್ಪು ಕೇಳ್ಲಿಕ್ಕೆ ಬರ್ತಾಳ್ರಿ. ಏನೇ ಆಗ್ಲಿ, ಇಲ್ಲ ಅನಬ್ಯಾಡ್ರಿ. ನನ್ನ ಸಂಸಾರ ನಿಮ್ಮ ಕೈಯಾಗದ." ಎಲ್ಲರೂ ಪಾಪವೆಂದು ಒಪ್ಪಿದರು. ಓಣಿಯ ತುದಿಯ ಮನೆಯ ಮುದುಕಿ ಮಾತ್ರ, "ಕೊಡೂದು ಬಿಡೂದು ನಾ ನೋಡ್ಕೋತೀನಿ, ಹೇಳ್ಲಿಕ್ಕೆ ನೀ ಯಾಂವ?" ಎಂದು ಕಸಬರಿಗೆ ಎತ್ತಿದಳು. ಆ ಬಾಗಿಲಿಗೆ ಅವ್ವನನ್ನು ಬಿಡಬಾರದೆಂದು ಆಗಲೇ ಗಟ್ಟಿ ಮಾಡಿಕೊಂಡೆ.

ಮರುದಿನ ವಾಡಿಯಲ್ಲಿ ಬದಲಿಸಬೇಕಾದ ಗಾಡಿ ನಾಲ್ಕು ತಾಸು ತಡ. ಶಹಾಬಾದ್ ಮುಟ್ಟಿದಾಗ ಓಣಿಯಲ್ಲಿ ದೀಪ ಹಚ್ಚಿದ್ದರು. "ತಡ ಆದದ್ದು ಛಲೋನ ಆತು" ಎಂದಳು ಅವ್ವ. ಯಾಕೆಂದು ನಾನು ಕೇಳಲಿಲ್ಲ. ಅವಳು ಮನೆ ನೋಡಿ ತಲೆದೂಗಿ ಬಟ್ಟಲು ತೆಗೆದಳು.

ಮೊದಲ ಮನೆಯಲ್ಲಿ ಕೊಟ್ಟರು. ಎರಡನೆಯ ಮನೆಯಲ್ಲಿ ಬಟ್ಟಲು ತುಂಬಿತು. ಮೂರನೆಯವಳು ಕೇಳುವ ಮೊದಲೇ ಗಡಿಗೆ ಸಮೇತ ಬೀದಿಗೆ ಬಂದು, "ಹೆಪ್ಪು ಬೇಕೇನ್ರಿ?" ಎಂದಳು. ನಾನು ಮನಸ್ಸಿನಲ್ಲೇ ಹೆಂಡತಿಗೆ ಕಾಗದ ಬರೆಯಲು ಶುರುಮಾಡಿದ್ದೆ. ತಿರುಗಿ ನೋಡಿದರೆ ಅವ್ವನ ಮುಖ ಸುಟ್ಟ ಬದನೆಕಾಯಿಯಾಗಿತ್ತು.

"ದೀಪ ಹಚ್ಚಿದ ಮ್ಯಾಲೆ ಹೆಪ್ಪು ಕೊಡ್ತಾರಲ್ಲೋ! ಮನಿ ಲಕ್ಷ್ಮೀನ ಹೊರಗ ಕಳಸ್ತಾರಲ್ಲೋ! ಹಗಲಿನಾಗ ಎಲ್ಲಾರೂ ಕೊಡ್ತಾರ, ಸಂಜೀಕ ಇಲ್ಲ ಅನ್ನೋರು ಅದಾರೇನು ಅಂತ ನಾ ನೋಡ್ಲಿಕತ್ತೀನಿ. ರೀತಿ ರಿವಾಜು ಇಲ್ಲದ ಓಣ್ಯಾಗ ನನ್ನ ಮೊಮ್ಮಕ್ಕಳು ಏನು ಕಲೀತಾವ?"

ಹುಟ್ಟಿದಾಗಿನಿಂದ ಕಂಡ ರಿವಾಜು, ನನ್ನ ಮಂಡೆಗೆ ಹೊಳೆದಿರಲಿಲ್ಲ. ನನ್ನ ಕೈಯಾರೆ ನನ್ನ ಸಂಸಾರಕ್ಕೆ ಕಲ್ಲು ಹಾಕಿಕೊಂಡಿದ್ದೆ. ಅವ್ವ ಬಟ್ಟಲಿನ ಹೆಪ್ಪನ್ನೆಲ್ಲ ಮೂರನೆಯವಳ ಗಡಿಗೆಗೇ ಸುರುವಿ ಸ್ಟೇಷನ್ನಿನ ದಾರಿ ಹಿಡಿದಳು, ನಾನು ಹಿಂದೆ ನಡೆದೆ. ಓಣಿಯ ತುದಿಯಲ್ಲಿ ಅವ್ವ ನಿಂತು, "ಇದೊಂದು ಬಾಗಲ ಉಳಿದದ" ಎಂದು ಮುದುಕಿಯ ಬಾಗಿಲು ತಟ್ಟಿ ಬಟ್ಟಲು ಚಾಚಿಯೇಬಿಟ್ಟಳು.

"ಯಾರವ್ವ ನೀ? ದೀಪ ಹಚ್ಚಿದ ಮ್ಯಾಲೆ ಹೆಪ್ಪು ಕೇಳ್ಲಿಕ್ಕೆ ಬಂದೀಯಲ್ಲ, ಹಡದವರು ಏನೂ ಕಲಿಸಿಲ್ಲೇನು? ಮುಂಜಾನೆ ಬಾ, ಗಡಿಗಿ ತುಂಬ ಕೊಡ್ತೀನಿ. ಈಗ ನಡಿ!"

ಅವ್ವನ ಮುಖ ಅರಳಿತು. "ಯಕ್ಕಾ, ಇಷ್ಟು ದಿನ ಎಲ್ಲಿದ್ದೆ?" ಎಂದು ಅಲ್ಲೇ ಕಟ್ಟೆಯ ಮೇಲೆ ಕೂತಳು. ಮುದುಕಿಯೂ ಕೂತಳು. ಒಂದು ಗಾಡಿ ಹೋಯಿತು, ಇಬ್ಬರ ಮಾತು ಮುಗಿಯಲಿಲ್ಲ.

"ಅಲ್ಲ ಯಕ್ಕಾ, ನಿನ್ನಂಥಾಕಿ ಇದ್ದೂ ಈ ಓಣಿ ಮಂದಿ ಹಿಂಗ್ಯಾಕ?" ಎಂದಳು ಅವ್ವ.

"ಅವರದೇನೂ ತಪ್ಪಿಲ್ಲ ತಂಗೀ. ನಿನ್ನಿ ಒಬ್ಬ ಹುಚ್ಚ ಬಂದಿದ್ದ. ನಮ್ಮವ್ವ ಬರ್ತಾಳ, ಏನೇ ಆಗ್ಲಿ ಇಲ್ಲ ಅನಬ್ಯಾಡ್ರಿ ಅಂತ ಮನಿ ಮನಿಗೂ ಕೈ ಮುಗದು ಹೋದ. ಪಾಪ, ಮೆತ್ತನ್ನ ಮಂದಿ. ರಿವಾಜು ಬಿಟ್ರೂ ಬಿಟ್ಟೇವು, ಹುಚ್ಚನ ಮನಸ್ಸು ಮುರಿಯೂದು ಬ್ಯಾಡ ಅಂತ ಕೊಟ್ಟಾರ."

ಇಷ್ಟು ಹೇಳಿ ಮುದುಕಿ ಕಂದೀಲು ಎತ್ತಿ ನನ್ನ ಮುಖಕ್ಕೆ ಹಿಡಿದಳು. "ಅಯ್ಯ, ಇಂವನ ನೋಡು!"

ಅವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಬಟ್ಟಲನ್ನು ಮುದುಕಿಯ ಕಟ್ಟೆಯ ಮೇಲೆ ಬೋರಲು ಹಾಕಿದಳು.

"ನಾಳೇನ ಚಿಂಚೋಳಿಗೆ ಹೋಗಿ ಹೆಂಡ್ತಿ ಮಕ್ಕಳನ್ನ ಕರ್ಕೊಂಡು ಬಾ. ಓಣಿ ಭಾಳ ಛಲೋ ಅದ. ಒಬ್ಬ ಹುಚ್ಚ ಕಡಿಮಿ ಇದ್ದ, ಅಂವನ್ನ ನಾವ ತಂದೀವಿ."