ಲಾಭ, ಎರಡು, ಮೂರು

೧೯೫೧ರ ಜನಗಣತಿಯಲ್ಲಿ ನಮ್ಮ ಕಾಕಾ ಕಪ್ಪತಗುಡ್ಡದ ಬುಡದ ಒಂದು ಹಳ್ಳಿಯ ಎಲ್ಲರನ್ನೂ ಎಣಿಸಿದ, ತನ್ನನ್ನೊಬ್ಬನನ್ನು ಬಿಟ್ಟ. ಆ ತಪ್ಪು ಹಿಡಿದವಳು ಆತನ ಹೆಂಡತಿ, ನಮ್ಮ ಕಾಕು. “ಈ ಮನ್ಯಾಗ ನಾ ಒಬ್ಬಾಕೀನ ಇರತೇನೇನ್ರಿ?”

ಕಾಕಾ ಆ ಹಳ್ಳಿಯ ಶಾಲಾ ಮಾಸ್ತರ. ಎಣಿಕೆ ಆತನಿಗೆ ಕೆಲಸವಲ್ಲ, ಚಟ. ಮದುವೆಮನೆಯಲ್ಲಿ ಬಾಗಿಲ ಹೊರಗಿನ ಚಪ್ಪಲಿ ಎಣಿಸಿ, ಎಷ್ಟು ಎಲೆ ಹಾಕಬೇಕೆಂದು ಅಡುಗೆಯವರಿಗೆ ಹೇಳುತ್ತಿದ್ದ. ಬರಿಗಾಲಲ್ಲಿ ಬಂದವರ ಗತಿ? ಎರಡನೇ ಪಂಕ್ತಿ!

ಆದರೆ ‘ಒಂದು’ ಎಂಬ ಮಾತು ಮಾತ್ರ ಆತನ ಬಾಯಲ್ಲಿ ಬರುತ್ತಿರಲಿಲ್ಲ. ನಮ್ಮಜ್ಜ ಲಕ್ಷ್ಮೇಶ್ವರದ ಪೇಟೆಯಲ್ಲಿ ಕಾಳು ಅಳೆಯುವವನು. ಅಳೆಯುವವರು ಮೊದಲ ಅಳತೆಗೆ ಒಂದು ಎನ್ನದೆ ‘ಲಾಭ’ ಎನ್ನುತ್ತಾರೆ. ಕಾಕಾನ ಶಾಲೆಯಲ್ಲೂ ಅದೇ ಮಗ್ಗಿ. ಇನ್ಸ್‌ಪೆಕ್ಟರು ಬಂದು ಮೂರರಲ್ಲಿ ಎರಡು ಕಳೆದರೆ ಎಷ್ಟೆಂದು ಕೇಳಿದರು. ಇಡೀ ವರ್ಗ ‘ಲಾಭ’ ಎಂದಿತು.

ಆ ಹಳ್ಳಿಗೆ ತುರ್ತಾಗಿ ಬೇಕಾಗಿದ್ದದ್ದು ಒಬ್ಬ ನರ್ಸಬಾಯಿ. ಹೆರಿಗೆ ಕಷ್ಟವಾದರೆ ಚಕ್ಕಡಿಯಲ್ಲಿ ಮುಂಡರಗಿಗೆ ಒಯ್ಯಬೇಕು. ಇಬ್ಬರು ದಾರಿಯಲ್ಲೇ ತೀರಿಕೊಂಡಿದ್ದರು. ಇಪ್ಪತ್ತು ಕೂಸುಗಳಾದರೂ ಇದ್ದರೆ ಕಳಿಸುತ್ತೇವೆಂದು ಆರೋಗ್ಯ ಖಾತೆಯ ಸಾಹೇಬರು ಪಟ್ಟಿ ಕೇಳಿದರು.

ಕೂಸನ್ನು ಎಣಿಸಿದರೆ ದೃಷ್ಟಿಯಾಗುತ್ತದಲ್ಲ! ಕಾಲಲ್ಲಿ ತೊಟ್ಟಿಲು ತೂಗುತ್ತಲೇ ತಾಯಂದಿರು ಮನೆಯಲ್ಲಿ ಕೂಸೇ ಇಲ್ಲವೆಂದರು. ಕಾಕಾ ವಾದಿಸಲಿಲ್ಲ. ಬೇಲಿಗಳ ಮೇಲೆ ಒಣಹಾಕಿದ್ದ ಕೂಸಿನ ಕುಂಚಿಗೆಗಳನ್ನು ಎಣಿಸಿದ. ಒಂದು ಕೂಸಿಗೆ ಎರಡು ಕುಂಚಿಗೆ ಹೊಲಿಸುವಷ್ಟು ಶ್ರೀಮಂತರು ಅಲ್ಲಿ ಯಾರೂ ಇರಲಿಲ್ಲ. ಸರಿಯಾಗಿ ಇಪ್ಪತ್ತು.

ಪಟ್ಟಿ ತಿರುಗಿ ಬಂತು: ಹತ್ತೊಂಬತ್ತೇ ಇವೆ, ನರ್ಸಬಾಯಿ ಇಲ್ಲ. ಮೊದಲ ಸಾಲಿನಲ್ಲಿ ಕಾಕಾ ‘ಲಾಭ: ಗಂಗವ್ವನ ಮನೆ’ ಎಂದು ಬರೆದಿದ್ದ. ಕಾಗದದ ನೆತ್ತಿಯ ಮೇಲೆ ‘ಶ್ರೀ’ ಬರೆಯುವ ಹಾಗೆ ಇದೂ ಶುಭಕ್ಕೆ ಬರೆದದ್ದೆಂದು ಕಾರಕೂನ ಆ ಸಾಲನ್ನು ಬಿಟ್ಟಿದ್ದ.

ಕಾಕಾ ಗಂಗವ್ವನ ಬಾಗಿಲಿಗೆ ಹೋಗಿ, ಕಚೇರಿಗೆ ಒಯ್ಯಲು ಕೂಸನ್ನು ಕೇಳಿದ. ದಾರಿಯಲ್ಲಿ ತೀರಿಕೊಂಡವರಲ್ಲಿ ಒಬ್ಬಳು ಆಕೆಯ ತಂಗಿ. ಗಂಗವ್ವ ಕೂಸಿನ ಗಲ್ಲಕ್ಕೆ ದೊಡ್ಡದೊಂದು ಕಾಡಿಗೆ ಬೊಟ್ಟಿಟ್ಟು, ಎತ್ತಿಕೊಂಡು ಹೊರಟಳು.

ಕಚೇರಿಯಲ್ಲಿ ಕಾಕಾ ಕೂಸನ್ನು ಸಾಹೇಬರ ಮೇಜಿನ ಮೇಲೆ, ಪಟ್ಟಿಯ ಮೇಲೆಯೇ ಮಲಗಿಸಿದ. “ಲಾಭ ಅಂದ್ರ ಇದರಿ ಸಾಹೇಬ್ರ. ಎಣಿಸ್ರಿ.”

ಕೂಸು ತನ್ನ ಕೆಲಸ ಮಾಡಿ ಪಟ್ಟಿಯನ್ನು ತೋಯಿಸಿತು. ಸಾಹೇಬರು ಒದ್ದೆ ಕಾಗದದ ಮೇಲೆಯೇ ಸಹಿ ಹಾಕಿದರು. ನರ್ಸಬಾಯಿ ಬಂದರು. ಏಕೀಕರಣವಾಗಿ ಆ ಕಚೇರಿಯ ಫಲಕ ಬದಲಾಗುವವರೆಗೂ ಮುಂಡರಗಿಯ ದಾರಿಯಲ್ಲಿ ಮತ್ತೊಬ್ಬ ಬಸುರಿ ತೀರಿಕೊಳ್ಳಲಿಲ್ಲ.

ಕೂಸಿಗೆ ತೊಟ್ಟಿಲಲ್ಲಿ ಬೇರೆ ಹೆಸರಿಟ್ಟರು. ಊರು ಕರೆದದ್ದು ಲಾಭವ್ವ ಎಂದು. ಕಾಕಾ ಕಾಕುಗೆ ಮಕ್ಕಳಾಗಲಿಲ್ಲ. ಲಾಭವ್ವ ಅರ್ಧ ಅವರ ಮನೆಯಲ್ಲೇ ಬೆಳೆದಳು.

ಕೊನೆಯ ಬೇನೆಯಲ್ಲಿ ಕಾಕಾನನ್ನು ಗದಗಿನ ದವಾಖಾನೆಗೆ ಸೇರಿಸಿದಾಗ ಡಾಕ್ಟರು ಕಾಗದ ತುಂಬುತ್ತ ಮಕ್ಕಳೆಷ್ಟು ಎಂದು ಕೇಳಿದರು. ಕಾಕಾ ಮಂಚದ ಬದಿಗೆ ನಿಂತಿದ್ದ ಲಾಭವ್ವನನ್ನು ನೋಡಿ ಅಂದ:

“ಲಾಭ.”

ಡಾಕ್ಟರು ತಲೆಯೆತ್ತಿದರು.

“ಒಂದು ಅಂತ ಬರ್ಕೋರಿ,” ಅಂದಳು ಕಾಕು.

ಡಾಕ್ಟರು ಬರೆದುಕೊಂಡರು.